ಕೆಂಪು ನೂಲು ಕಟ್ಟಿದ ಪಾತ್ರೆ

ಅಮ್ಮ ತೀರಿಹೋದ ಮೇಲೆ ನೆಟ್ಟಣದ ಮನೆಯ ಅಡುಗೆಕೋಣೆಗೆ ಕೈ ಹಾಕುವ ಧೈರ್ಯ ನನಗೆ ಬಂದದ್ದು ಈ ಸಲದ ಬೇಸಿಗೆಯಲ್ಲಿ. ಮನೆಯನ್ನು ಬಾಡಿಗೆಗೆ ಕೊಡುವುದೆಂದು ನಿಶ್ಚಯವಾಗಿತ್ತು. ಅಟ್ಟದ ಮೇಲೆ ದೊಡ್ಡ ಹಂಡೆಯೊಳಗೆ, ಅಪ್ಪನ ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿಟ್ಟ ಒಂದು ಪಾತ್ರೆ ಸಿಕ್ಕಿತು. ಎರಡು ಹಿಡಿಕೆಯ ಸ್ಟೀಲ್ ಪಾತ್ರೆ, ಒಬ್ಬರ ಅನ್ನಕ್ಕೆ ಸಾಕಾಗುವಂಥದು. ಅದರ ಒಂದು ಹಿಡಿಗೆ ಕೆಂಪು ನೂಲು ಸುತ್ತಿತ್ತು. ನೂಲು ಕಂಡದ್ದೇ ನಾನು ಏಣಿಯ ಮೇಲೆಯೇ ನಿಂತುಬಿಟ್ಟೆ. ಇಷ್ಟು ವರ್ಷಗಳಾದ ಮೇಲೆ ಪಕ್ಕದ ಮನೆಯ ಬಾಯಮ್ಮ ನಮ್ಮ ಅಟ್ಟದಿಂದ ಇಳಿದು ಬಂದಿದ್ದರು...

ಅವರ ಪಾತ್ರೆ ನಮ್ಮ ಮನೆಗೆ ಯಾವಾಗ ಬಂತು, ಯಾರು ತಂದದ್ದು, ಏಕೆ ಹಿಂದೆ ಹೋಗಲಿಲ್ಲ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕ್ರಿಸ್ಮಸ್ಸಿನ ಹೊತ್ತಿಗೆ ಏನೋ ಕೊಟ್ಟುಕಳಿಸಿ ಮರೆತಿರಬೇಕು ಎಂದುಕೊಂಡೆ. ಉಳಿದ ಪಾತ್ರೆಗಳನ್ನೆಲ್ಲ ಚಿಕ್ಕಪ್ಪನ ಮನೆಯವರಿಗೆ ಕೊಟ್ಟೆ. ಇದೊಂದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ.

ಅದಕ್ಕೊಂದು ಕಾರಣವಿದೆ. ಪುತ್ತೂರಿನಲ್ಲಿ ನಾನು ಡಿಟಿಪಿ ಮಾಡಿ ಬದುಕುವವಳು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಇಗರ್ಜಿಯ ಹಬ್ಬದ ಕರಪತ್ರ, ಎಲ್ಲದಕ್ಕೂ ನನ್ನದೇ ಬೆರಳು. ಕಳೆದ ವರ್ಷ ಹೊಟ್ಟೆ ಕೆಟ್ಟು, ಮೈ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗಾಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿದ ಡಾಕ್ಟರು ಕೊನೆಗೆ, ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಶ ನನ್ನ ಕರುಳಿಗೆ ಆಗುವುದಿಲ್ಲ, ಗೋಧಿ ಮೈದಾ ಚಿರೋಟಿ ರವೆ ಬಾರ್ಲಿ ಯಾವುದನ್ನೂ ಸಾಯುವ ತನಕ ಮುಟ್ಟಬಾರದು ಎಂದರು. ನಾನು ನಕ್ಕುಬಿಟ್ಟೆ. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವಳಿಗೆ ಗೋಧಿಯ ಹಂಗೇನು? ಹಾಗೆ ನಕ್ಕವಳಿಗೆ ಕೆಲವೇ ವಾರಗಳಲ್ಲಿ ಬುದ್ಧಿ ಬಂತು. ಬೇಕರಿಯದ್ದು ಹೋಗಲಿ, ಹೋಟೆಲಿನ ದೋಸೆಯ ಕಾವಲಿಯಲ್ಲಿ ರವೆ ದೋಸೆಯೂ ಬೆಂದಿರುತ್ತದೆ. ಯಾರದೋ ಮನೆಯ ಮೀನು ಹುರಿದದ್ದಕ್ಕೆ ರವೆ ಹಚ್ಚಿರುತ್ತಾರೆ. ಡಬ್ಬಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆಸಿರುತ್ತಾರೆ. ಕರೆದವರ ಮನೆಯಲ್ಲೆಲ್ಲ "ಒಂದು ಚೂರು ತಿಂದರೆ ಎಂತ ಆಗುದಿಲ್ಲ" ಎಂಬ ಮಾತು ಕೇಳಿ ಕೇಳಿ ಸಾಕಾಗಿ, ಕರೆಯುವುದನ್ನೇ ಅವರು ನಿಲ್ಲಿಸಿದಾಗ ನನಗೆ ಮೊದಲು ನೆಮ್ಮದಿಯಾಯಿತು. ಆಮೇಲೆ ಅಳು ಬಂತು.

ಎಲ್ಲಕ್ಕಿಂತ ಕಷ್ಟದ್ದು ಇಗರ್ಜಿ. ಪೂಜೆಯಲ್ಲಿ ಯೇಸುವಿನ ಶರೀರವೆಂದು ನಾವು ಸ್ವೀಕರಿಸುವ ಪರಮಪ್ರಸಾದ ಒಂದು ತೆಳ್ಳನೆಯ ಬಿಳಿ ರೊಟ್ಟಿ. ಅದು ಗೋಧಿಯದ್ದೇ ಆಗಬೇಕು, ಅಕ್ಕಿಯದ್ದು ಸಲ್ಲುವುದಿಲ್ಲ. ಈಗ ಪ್ರತಿ ಭಾನುವಾರ ಎಲ್ಲರೂ ಎದ್ದು ಸಾಲಿನಲ್ಲಿ ಹೋಗುವಾಗ ನಾನು ಕಾಲು ಪಕ್ಕಕ್ಕೆ ತಿರುಗಿಸಿ ಅವರಿಗೆ ದಾರಿ ಬಿಟ್ಟು ಬೆಂಚಿನಲ್ಲೇ ಕೂರುತ್ತೇನೆ. ಹಾಗೆ ಕೂತ ಮೊದಲ ಭಾನುವಾರವೇ ನನಗೆ ಬಾಯಮ್ಮನ ಬೆನ್ನು ನೆನಪಾಗಿತ್ತು. ನೆಟ್ಟಣದ ನಮ್ಮ ಸಣ್ಣ ಇಗರ್ಜಿಯಲ್ಲಿ, ಖಾಲಿಯಾದ ಬೆಂಚಿನಲ್ಲಿ ಒಂಟಿಯಾಗಿ, ನೆಟ್ಟಗೆ ಕೂತಿರುತ್ತಿದ್ದ ಬೆನ್ನು.

ಊರಿನ ತುಳುವರು ಕ್ರೈಸ್ತ ಹೆಂಗಸರನ್ನೆಲ್ಲ ಬಾಯಮ್ಮ ಎಂದೇ ಕರೆಯುವುದು. ನಮ್ಮ ಕೇರಿಯಲ್ಲಿ ಅಂಥ ಬಾಯಮ್ಮಂದಿರು ಬೇಕಾದಷ್ಟು ಮಂದಿ ಇದ್ದರು. ಆದರೆ ನಮ್ಮ ಪಕ್ಕದ ಮನೆಗೆ ಇವರು ಬಂದ ಮೇಲೆ ಆ ಹೆಸರು ಇವರೊಬ್ಬರಿಗೇ ನಿಂತಿತು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಮದುವೆಯಾಗಿರಲಿಲ್ಲ. ಕೆಲಸ ಬಿಟ್ಟು ಬಂದು ರೈಲ್ವೆ ಸ್ಟೇಷನ್ನಿನ ಈಚೆ ಸಣ್ಣದೊಂದು ತಾರಸಿ ಮನೆ ಕಟ್ಟಿಸಿಕೊಂಡರು. ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರನ್ನು ತುಂಬಿಕೊಂಡ ಜೀಪುಗಳು ಬೆಳಗಿನಿಂದ ಸಂಜೆಯ ತನಕ ಆ ಮನೆಯ ಎದುರೇ ಹೋಗುತ್ತಿದ್ದವು. ಜೀಪಿನವರಿಗೆ ಬಿಪಿ ನೋಡುವುದು, ಯಾರದೋ ಮಗುವಿನ ಗಾಯಕ್ಕೆ ಪಟ್ಟಿ ಕಟ್ಟುವುದು, ಹೀಗೆ ಅವರ ಜಗಲಿಯಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು. ಅವರ ಅಡುಗೆಕೋಣೆಯೊಳಗೆ ಮಾತ್ರ ಯಾರಿಗೂ ಪ್ರವೇಶವಿರಲಿಲ್ಲ.

ಗೋಧಿ ಆಗುವುದಿಲ್ಲ ಎಂದು ಅವರಿಗೆ ಮಸ್ಕತ್ತಿನಲ್ಲೇ ಗೊತ್ತಾಗಿತ್ತು. ಆಗ ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಕೇಳಿದವರೇ ಇರಲಿಲ್ಲ. ಸಕ್ಕರೆ ಕಾಯಿಲೆ ಗೊತ್ತು, ಬಿಪಿ ಗೊತ್ತು, ಗೋಧಿ ಕಾಯಿಲೆ ಎಂದರೇನು? ಗಲ್ಫಿನಿಂದ ಬಂದವರ ಸೋಗು ಎಂದು ನಗುತ್ತಿದ್ದರು. ಬಾಯಮ್ಮ ತಮ್ಮ ಪಾತ್ರೆ, ಸೌಟು, ಜರಡಿ, ಕಾವಲಿ ಎಲ್ಲದಕ್ಕೂ ಕೆಂಪು ಉಲ್ಲನ್ನಿನ ನೂಲು ಕಟ್ಟಿ ಗುರುತು ಮಾಡಿಟ್ಟಿದ್ದರು. ಮನೆಗೆ ಬಂದವರಿಗೆ ಚಹಾ, ಬಿಸ್ಕತ್ತು ಧಾರಾಳವಾಗಿ ಸಿಗುತ್ತಿತ್ತು. ಆದರೆ ಆ ಲೋಟ, ಆ ತಟ್ಟೆ ಬೇರೆ, ಅವನ್ನು ತೊಳೆಯುವ ಜಾಗವೂ ಬೇರೆ. ಕೆಂಪು ನೂಲಿನದ್ದನ್ನು ಯಾರಾದರೂ ಮುಟ್ಟಹೋದರೆ, "ಅದು ಬೇಡ ಮಗಾ, ಅದು ನನ್ನದು" ಎನ್ನುತ್ತಿದ್ದರು. ನಗುತ್ತಲೇ ಹೇಳುವುದು. ಆದರೆ ಅದು ಎರಡನೇ ಸಲ ಹೇಳಿಸಿಕೊಳ್ಳುವಂಥ ಮಾತಾಗಿರಲಿಲ್ಲ.

ಬೇರೆ ಊರಲ್ಲಾದರೆ ಜನ ಇದನ್ನು ಜಿಪುಣತನವೆಂದೋ ಹುಚ್ಚೆಂದೋ ತಿಳಿಯುತ್ತಿದ್ದರೇನೋ. ನಮ್ಮವರು ತಿಳಿದದ್ದು ಜಾತಿ ಎಂದು. ನಾವು ಕ್ರೈಸ್ತರಾಗಿ ಎಷ್ಟು ತಲೆಮಾರು ಕಳೆದರೂ ಯಾವ ಮನೆತನ ಮೊದಲು ಬ್ರಾಹ್ಮಣರದ್ದು, ಯಾವುದು ಅಲ್ಲ ಎಂಬುದು ಮದುವೆ ಮಾತುಕತೆಯ ಹೊತ್ತಿಗೆ ಎಲ್ಲರ ನಾಲಗೆಯ ತುದಿಗೇ ಬರುತ್ತದೆ. ಬಾಯಮ್ಮನ ತವರು ಅಂಥದೊಂದು ದೊಡ್ಡ ಮನೆತನ. ನಮ್ಮದಲ್ಲ, ನಮ್ಮ ಕೇರಿಯ ಯಾರದೂ ಅಲ್ಲ. ಬೇರೆ ಪಾತ್ರೆ, ಬೇರೆ ಸೌಟು, ಯಾರ ಮನೆಯಲ್ಲೂ ತಿನ್ನುವುದಿಲ್ಲ ಎಂದ ಮೇಲೆ ಇನ್ನೇನು? ಬಾಯಮ್ಮ ಮಡಿ ಮಾಡುತ್ತಾರೆ ಎಂಬ ಮಾತು ಹುಟ್ಟಿ, ನೆಟ್ಟಣದಿಂದ ಕಡಬದ ತನಕ ನಮ್ಮವರ ಬಾಯಲ್ಲಿ ಓಡಾಡಿತು.

ಇಗರ್ಜಿಯಲ್ಲಿ ಹುಟ್ಟಿದ ಮಾತು ಇನ್ನೊಂದು. ಪರಮಪ್ರಸಾದಕ್ಕೆ ಏಳದೆ ಕೂತವರೆಂದರೆ ಮನಸ್ಸಿನಲ್ಲಿ ದೊಡ್ಡ ಪಾಪ ಇಟ್ಟುಕೊಂಡವರು ಎಂದು ನಮ್ಮಲ್ಲಿ ಸಣ್ಣ ಮಕ್ಕಳೂ ತಿಳಿಯುತ್ತಾರೆ. ಮದುವೆಯಾಗದ, ಗಲ್ಫಿನಿಂದ ಒಂಟಿಯಾಗಿ ಬಂದ ಹೆಂಗಸು ವಾರ ವಾರವೂ ಹಾಗೆ ಕೂತರೆ ಜನ ಏನೆಲ್ಲ ಕತೆ ಕಟ್ಟಬಹುದೋ ಅದನ್ನೆಲ್ಲ ಕಟ್ಟಿದರು. ಆಗಿದ್ದ ವಯಸ್ಸಾದ ಫಾದರ್ ಒಳ್ಳೆಯವರೇ. "ವಿಶ್ವಾಸ ಇಟ್ಟು ಸ್ವೀಕರಿಸಿ, ದೇವರ ಪ್ರಸಾದದಿಂದ ಯಾರಿಗೂ ಕೆಡುಕಾಗುದಿಲ್ಲ" ಎಂದರಂತೆ. ಬಾಯಮ್ಮ ಅವರ ಮಾತಿಗೆ ಬೆಲೆ ಕೊಟ್ಟು ಒಂದು ಭಾನುವಾರ ಸ್ವೀಕರಿಸಿದರು. ಆ ವಾರವೆಲ್ಲ ಅವರ ಜಗಲಿಯ ಬಾಗಿಲು ತೆರೆಯಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ಗಂಜಿತಿಳಿ ಕೊಡಲು ಹೋದಾಗ ಮಂಚದ ಮೇಲೆ ಮುದುಡಿಕೊಂಡಿದ್ದರು, ಮುಖ ಬಿಳಿಚಿತ್ತು. ಮುಂದಿನ ಭಾನುವಾರ ಮತ್ತೆ ಬೆಂಚಿನಲ್ಲಿ ಕೂತರು. ಅಷ್ಟು ಸುಸ್ತಿನಲ್ಲೂ ಬಂದು ಕೂತರಲ್ಲ ಎಂದು ಯಾರೂ ಹೇಳಲಿಲ್ಲ.

ಅಮ್ಮನಿಗೂ ಅವರಿಗೂ ಕೆಟ್ಟದ್ದು ಮೊಂತಿ ಫೆಸ್ತಿನ ದಿನ. ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮಗೆ ಅದೇ ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು, ಅದರ ಕಾಳು ಸುಲಿದು ತೆಂಗಿನ ಹಾಲಿಗೆ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಊಟ, ಮೀನು ಮಾಂಸ ಇಲ್ಲ, ತರಕಾರಿ ಮಾತ್ರ. ಆ ಊಟಕ್ಕೆ ಕೂತವರು ಮನೆಯವರು ಎಂದೇ ಲೆಕ್ಕ.

ಬಾಯಮ್ಮನನ್ನು ಕರೆಯಬೇಕೆಂದು ಹಟ ಹಿಡಿದದ್ದು ಅಮ್ಮನೇ. "ಅಕ್ಕಿ, ತರಕಾರಿ, ತೆಂಗಿನಕಾಯಿ. ಇದ್ರಲ್ಲಿ ಗೋಧಿ ಎಲ್ಲಿಂದ ಬರುದು? ಈ ಒಂದು ದಿನ ಆದ್ರೂ ಅವರು ನಮ್ಮೊಟ್ಟಿಗೆ ಉಣ್ಣಲಿ ಮಾರಾಯ್ತಿ" ಎಂದಳು. ಹಿಂದಿನ ದಿನವೇ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿದಳು. ಪಾಯಸಕ್ಕೆ ಶ್ಯಾವಿಗೆ ಬಿಟ್ಟು ಅಕ್ಕಿ ಹಾಕಿದಳು. ಅಮ್ಮ ಹುಟ್ಟಿ ಬೆಳೆದದ್ದು ಕುಂಬ್ರದಲ್ಲಿ, ಹವ್ಯಕರ ಮನೆಯ ಪಕ್ಕದಲ್ಲಿ. ತೊವ್ವೆ ಮಾಡುವುದನ್ನು ಅವರಿಂದ ಕಲಿತಿದ್ದಳು, ಅವಳ ತೊವ್ವೆಗೆ ನಮ್ಮ ಕೇರಿಯಲ್ಲೇ ಹೆಸರಿತ್ತು. ಅಂದು ಮನೆಯವರೆಲ್ಲರ ಮೆಚ್ಚಿನ ಆ ತೊವ್ವೆಗೆ ಇಂಗಿನ ಒಗ್ಗರಣೆಯನ್ನು ಕೈ ಬಿಚ್ಚಿ ಹಾಕಿದಳು.

ಬಾಯಮ್ಮ ಬಂದರು. ಹೊಸ ಸೀರೆ ಉಟ್ಟಿದ್ದರು. ತೆನೆಯ ಕಾಳಿನ ತೆಂಗಿನ ಹಾಲನ್ನು ಚಿಕ್ಕಪ್ಪ ಕೊಟ್ಟಾಗ ಕಣ್ಣು ಮುಚ್ಚಿ ಸ್ವೀಕರಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅನ್ನ ಬಿತ್ತು, ಪಲ್ಯಗಳು ಬಿದ್ದವು, ಅನ್ನದ ಮೇಲೆ ತೊವ್ವೆ ಬಿತ್ತು. ಬಾಯಮ್ಮನ ಕೈ ಎಲೆಯ ಮೇಲೆ ನಿಂತಿತು.

"ಇಂಗು ಹಾಕಿದ್ದಾ?" ಎಂದು ಮೆಲ್ಲನೆ ಕೇಳಿದರು.

"ಹಾಕದೆ? ಡಬ್ಬಿಯದ್ದೇ, ಒಳ್ಳೆದು" ಎಂದಳು ಅಮ್ಮ, ಹೊಗಳಿಕೆಗೆ ಕಾದವಳಂತೆ.

"ಅದ್ರಲ್ಲಿ ಗೋಧಿಹಿಟ್ಟು ಉಂಟು. ನನಗೆ ಆಗುದಿಲ್ಲ. ನಿಮ್ಮ ತಪ್ಪಲ್ಲ, ನಾನು ಮೊದಲೇ ಹೇಳ್ಬೇಕಿತ್ತು."

ಬೇರೆ ಎಲೆ ಹಾಕುತ್ತೇನೆ ಎಂದೆ ನಾನು. ಆದರೆ ಅದೇ ಸೌಟು ಎಲ್ಲ ಪಾತ್ರೆಗಳಿಗೂ ಇಳಿದು ಎದ್ದಿತ್ತು. ಬಾಯಮ್ಮ ಅದನ್ನೂ ನೋಡಿದ್ದರು. "ತೆನೆ ಸಿಕ್ಕಿತಲ್ಲ, ನನಗೆ ಹಬ್ಬ ಆಯ್ತು" ಎಂದು ಕೈ ಮುಗಿದು, ಎಲೆ ಮಡಚಿ ಎದ್ದರು. ಹೊಸ ಅಕ್ಕಿಯ ಎಲೆಯಿಂದ ಉಣ್ಣದೆ ಎದ್ದವರನ್ನು ನಮ್ಮ ಮನೆ ಅದುವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ನಗೆಯಾಡಲು ಹೋಗಿ, "ನಮ್ಮದೆಲ್ಲ ಬಾಯಮ್ಮನಿಗೆ ಮೈಲಿಗೆ ಅಲ್ವಾ" ಎಂದುಬಿಟ್ಟರು. ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತವಳು, ಅವರು ಮೆಟ್ಟಿಲಿಳಿಯುವ ತನಕ ತಿರುಗಲಿಲ್ಲ.

ಆಮೇಲೆ ಅಮ್ಮ ಅವರೊಡನೆ ಮಾತು ಬಿಟ್ಟಳು. ಜಗಳವಲ್ಲ, ಮೌನ. ಬೇಲಿಯ ಆಚೆ ಬಟ್ಟೆ ಒಣಗಿಸಲು ಬಾಯಮ್ಮ ಬಂದರೆ ಈಚೆಯಿಂದ ಅಮ್ಮ ಒಳಗೆ ಹೋಗುವುದು. ಕ್ರಿಸ್ಮಸ್ ಬಂದಾಗ ಮಾತ್ರ ಎಲ್ಲರ ಮನೆಗೆ ಕಳಿಸುವ ಹಾಗೆ ಅವರ ಮನೆಗೂ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಕಳಿಸಿದಳು. ನೆವ್ರಿ, ಕಿಡಿಯೊ, ಕೇಕು, ಎಲ್ಲ ಮೈದಾದ ತಿಂಡಿಗಳು. ಬೇಕೆಂದೇ ಕಳಿಸಿದ್ದು ಎಂದು ನನಗೆ ಗೊತ್ತಿತ್ತು. ಬಾಯಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಕೊಂಡು, ತಿಂಡಿಯನ್ನು ನನ್ನ ಎದುರೇ ರೈಲ್ವೆ ಹಳಿಯ ಕೆಲಸದವರಿಗೆ ಹಂಚಿ, ಅದೇ ತಟ್ಟೆಯ ತುಂಬ ಅಕ್ಕಿಹಿಟ್ಟಿನ ಗುಳಿಯೊ ಉಂಡೆ ಹಾಕಿ ಹಿಂದೆ ಕೊಟ್ಟರು. ಅಮ್ಮ ಅದನ್ನು ಮುಟ್ಟಲಿಲ್ಲ. ನಾನು ಅಷ್ಟನ್ನೂ ತಿಂದೆ.

ನಾನು ಆಗ ಕಡಬದ ಒಂದು ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಇಲ್ಲ ಎನ್ನುವ ಶಬ್ದ ನನ್ನ ಬಾಯಲ್ಲಿ ಹೊರಡುತ್ತಲೇ ಇರಲಿಲ್ಲ. ಇಗರ್ಜಿಯ ಹಾಡಿನ ಹಾಳೆ ನಾನೇ, ಯುವಜನರ ಕಾರ್ಯಕ್ರಮದ ಕರಪತ್ರ ನಾನೇ, ಯಾರ ಮನೆಯ ಬಾಣಂತಿಗೆ ಜೊತೆ ಕೂರಬೇಕಾದರೂ ನಾನೇ. ಕ್ರೈಸ್ತಳಾದ ಮೇಲೆ ಕೇಳಿದವರಿಗೆ ಕೊಡಬೇಕು, ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕು ಎಂದು ಕಲಿತಿದ್ದೆವಲ್ಲ. ಒಂದು ಸಂಜೆ ಜ್ವರದಲ್ಲೇ ಹಾಡಿನ ಹಾಳೆ ಹಿಡಿದು ಹೊರಟವಳನ್ನು ಬಾಯಮ್ಮ ಜಗಲಿಯಲ್ಲಿ ತಡೆದು ಕೂರಿಸಿದರು. ನನಗೆ ಸಿಟ್ಟು ಬಂತು. ನೀವು ಎಲ್ಲರಿಗೂ ಇಲ್ಲ ಅಂತೀರಿ, ಅದಕ್ಕೇ ಒಬ್ಬರೇ ಇದ್ದೀರಿ ಎಂದುಬಿಟ್ಟೆ.

ಅವರು ಥರ್ಮಾಮೀಟರ್ ಕೊಡವುತ್ತಾ ಕೂತಿದ್ದರು. ಅದನ್ನು ನನ್ನ ಕಂಕುಳಿಗಿಟ್ಟು, "ಹೌದು, ಒಬ್ಬಳೇ ಇದ್ದೇನೆ" ಎಂದರು. "ಯೇಸು ಸಹ ಜನ ಬಿಟ್ಟು ಗುಡ್ಡಕ್ಕೆ ಹೋಗಿ ಕೂತದ್ದು ಉಂಟಲ್ಲ. ಅವನನ್ನು ಯಾರೂ ಅಹಂಕಾರಿ ಹೇಳುದಿಲ್ಲ. ನೋಡು, ಇಲ್ಲ ಹೇಳುವಾಗ ಬಾಗಿಲು ಹಾಕಿ ಒಳಗಿಂದ ಹೇಳ್ಬಾರ್ದು. ಬಾಗಿಲಲ್ಲಿ ನಿಂತು, ಅವರ ಮುಖ ನೋಡಿ ಹೇಳ್ಬೇಕು. ಆಮೇಲೂ ಅಲ್ಲೇ ನಿಂತಿರ್ಬೇಕು. ಹೋಗುದು ಬಿಡುದು ಅವರಿಗೆ ಬಿಟ್ಟದ್ದು." ಅಂದು ಹಾಡಿನ ಹಾಳೆ ಇಗರ್ಜಿಗೆ ಹೋಗಲಿಲ್ಲ. ಜನ ಬಾಯಿಪಾಠ ಬರುವ ಹಾಡುಗಳನ್ನೇ ಹಾಡಿದರಂತೆ.

ಆ ವರ್ಷವೇ ಹೊಸ ಫಾದರ್ ಬಂದರು. ಚಿಕ್ಕ ಪ್ರಾಯ, ಬೈಕಿನಲ್ಲಿ ಮನೆ ಮನೆಗೆ ಹೋಗುವವರು. ಬಾಯಮ್ಮನ ಮನೆಗೂ ಹೋಗಿ, ಎಲ್ಲವನ್ನೂ ಕೇಳಿಸಿಕೊಂಡರಂತೆ. ಕೆಲವು ದಿನ ಬಿಟ್ಟು ಮತ್ತೆ ಬಂದು, ದಾರಿ ಉಂಟು ಎಂದರು. ರೊಟ್ಟಿ ಆಗದವರು ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಿದರೂ ಪ್ರಸಾದ ಪೂರ್ತಿಯೇ. ಬಾಯಮ್ಮನಿಗೆಂದೇ ಬೇರೆ ಪಾನಪಾತ್ರೆ ಇಡುವುದೆಂದಾಯಿತು. ಬೇರೆ ಏಕೆಂದರೆ, ಪೂಜೆಯಲ್ಲಿ ಗುರುಗಳು ರೊಟ್ಟಿ ಮುರಿದು ಅದರದೊಂದು ಸಣ್ಣ ಚೂರನ್ನು ದ್ರಾಕ್ಷಾರಸದ ಪಾತ್ರೆಗೆ ಹಾಕುವ ಕ್ರಮವಿದೆ. ಆ ಪಾತ್ರೆಯದ್ದು ಇವರಿಗೆ ಆಗುವುದಿಲ್ಲ. ಶನಿವಾರ ಸಂಜೆ ಬೇಲಿಯ ಹತ್ತಿರ ನಿಂತು ಬಾಯಮ್ಮ ನನಗೆ ಇದನ್ನೆಲ್ಲ ಹೇಳಿದರು. ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಹುಡುಗಿಯ ಸಂಭ್ರಮ ಆ ಮುಖದಲ್ಲಿತ್ತು.

ನಾನು ಹಾಡುವವರ ಗುಂಪಿನಲ್ಲಿ, ಪೀಠದ ಪಕ್ಕದಲ್ಲೇ ನಿಂತಿದ್ದೆ. ದೊಡ್ಡ ಪಾನಪಾತ್ರೆಯ ಪಕ್ಕದಲ್ಲಿ ಸಣ್ಣದೊಂದು ಹೊಳೆಯುತ್ತಿತ್ತು. ಫಾದರ್ ರೊಟ್ಟಿ ಮುರಿದರು, ಚೂರನ್ನು ದೊಡ್ಡದಕ್ಕೆ ಹಾಕಿದರು. ಒಂದು ಕ್ಷಣ ನಿಂತರು. ಆಮೇಲೆ ಇನ್ನೊಂದು ಚೂರು ಮುರಿದು, ಅಷ್ಟೇ ಭಕ್ತಿಯಿಂದ, ಸಣ್ಣದಕ್ಕೂ ಹಾಕಿದರು. ಬಾಯಮ್ಮನ ಪಾತ್ರೆಗೆ ಯಾವುದೂ ಕಡಿಮೆಯಾಗಬಾರದು, ಕ್ರಮ ಪೂರ್ತಿಯಾಗಬೇಕು ಎಂದು ಅವರಿಗೆ ತೋಚಿದ್ದು ಅಷ್ಟೇ. ನಾನು ಬೆಂಚುಗಳ ಕಡೆ ತಿರುಗಿದೆ. ಬಾಯಮ್ಮ ಇದ್ದದ್ದು ಮುಂದಿನ ಬೆಂಚಿನಲ್ಲೇ. ಅವರೂ ನೋಡಿದ್ದರು.

ಆದರೂ ಎದ್ದರು. ಎಲ್ಲರದೂ ಆದ ಮೇಲೆ ಕೊನೆಗೆ ನಡೆದು ಹೋಗಿ ಫಾದರ್ ಎದುರು ನಿಂತರು. ಫಾದರ್ ನಗುತ್ತ ಸಣ್ಣ ಪಾತ್ರೆ ಎತ್ತಿ ಹಿಡಿದರು. ಇಡೀ ಇಗರ್ಜಿ ಅತ್ತಲೇ ನೋಡುತ್ತಿತ್ತು, ಇಷ್ಟು ವರ್ಷ ಕೂತವರು ಎದ್ದು ಬಂದಿದ್ದರಲ್ಲ. ಬಾಯಮ್ಮ ಅವರ ಮುಖ ನೋಡಿದರು, ಪಾತ್ರೆ ನೋಡಿದರು. ತಲೆ ಬಾಗಿಸಿ, ಕೈ ಮುಗಿದು, ಏನೋ ಒಂದು ಮಾತು ಹೇಳಿ, ಮುಟ್ಟದೆ ತಿರುಗಿ ನಡೆದರು. ಬೆಂಚಿನಲ್ಲಿ ನಿಲ್ಲಲಿಲ್ಲ. ಕೊನೆಯ ಬಾಗಿಲಿನ ತನಕ ಹೋಗಿ, ಅಲ್ಲಿ ಹೊಸ್ತಿಲಿನಲ್ಲಿ, ಒಳಗೆ ಮುಖ ಮಾಡಿ ನಿಂತರು. ಪೂಜೆ ಮುಗಿಯುವ ತನಕ ನಿಂತೇ ಇದ್ದರು. ಅವರ ಕೆನ್ನೆ ಒದ್ದೆಯಾಗಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ದೇವರ ಪಾತ್ರೆಯನ್ನೇ ಬೇಡ ಎಂದ ಹೆಂಗಸು ಎಂದು ಆ ದಿನವೇ ಊರೆಲ್ಲ ಮಾತಾಯಿತು. ಫಾದರ್ ಮಧ್ಯಾಹ್ನದ ಊಟ ಬಿಟ್ಟು ಬೈಕಿನಲ್ಲಿ ಓಡಿ ಬಂದರು. ಜಗಲಿಯಲ್ಲಿ ಬಾಯಮ್ಮ ಅವರಿಗೆ ಅಕ್ಕಿರೊಟ್ಟಿ ಬಡಿಸಿ, ಅವರನ್ನೇ ಸಮಾಧಾನ ಮಾಡುತ್ತಿದ್ದರು. "ನೀವು ಪ್ರೀತಿಯಲ್ಲೇ ಮಾಡಿದ್ದು ಫಾದರ್. ಎಲ್ಲರೂ ಪ್ರೀತಿಯಲ್ಲೇ ಮಾಡುದು. ಅದಕ್ಕೇ ಇಲ್ಲ ಹೇಳ್ಲಿಕ್ಕೆ ಇಷ್ಟು ಕಷ್ಟ" ಎಂದದ್ದು ಬೇಲಿಯ ಈಚೆ ನಮಗೂ ಕೇಳಿಸಿತು. ಅಮ್ಮ ಅಕ್ಕಿ ಕೇರುತ್ತಿದ್ದಳು. ಮೊರ ಹಿಡಿದ ಅವಳ ಕೈ ನಿಂತಿತು.

ಅಂದು ಸಂಜೆ ಅಮ್ಮ ಇಂಗಿನ ಡಬ್ಬಿಯನ್ನು ನನ್ನ ಎದುರು ಇಟ್ಟು, ಇದರಲ್ಲಿ ಎಂತ ಬರೆದದ್ದು, ಓದು ಎಂದಳು. ಇರುವೆಯಷ್ಟು ಸಣ್ಣ ಅಕ್ಷರ. ಗೋಧಿಹಿಟ್ಟು ಎಂದಿತ್ತು. ಓದಿದೆ. ಅಮ್ಮ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅದರ ಜಾಗದಲ್ಲೇ ಇಟ್ಟಳು. ಬಾಯಮ್ಮನ ಮನೆಗೆ ಹೋಗಲಿಲ್ಲ. ಅಷ್ಟಕ್ಕೂ ಬಗ್ಗದ ಅವಳ ಕುತ್ತಿಗೆಯ ಮೇಲೆ ನನಗೆ ಆಗ ಬಹಳ ಸಿಟ್ಟಿತ್ತು.

ಮುಂದಿನ ಭಾನುವಾರದಿಂದ ಸಣ್ಣ ಪಾತ್ರೆ ಸರಿಯಾಗಿ ಬಂತು. ಕೊನೆಯಲ್ಲಿ ಒಬ್ಬರೇ ಹೋಗಿ ಸ್ವೀಕರಿಸಿ ಬರುತ್ತಿದ್ದರು. ಬಾಯಮ್ಮನಿಗೆ ಅದು ಸಿಕ್ಕಿದ್ದು ಹೆಚ್ಚು ಕಾಲವಲ್ಲ. ಮಳೆಗಾಲದಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಕಾಯಿಲೆ ಗೊತ್ತಾಗುವ ಮೊದಲೇ ಮೂಳೆಯ ಸತ್ವವೆಲ್ಲ ಹೋಗಿತ್ತಂತೆ. ಉಡುಪಿಯ ಕಡೆಯಿಂದ ಅವರ ತಂಗಿ ಬಂದು ಕರೆದುಕೊಂಡು ಹೋದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದವರು ಕೈ ಹೊರಗೆ ಹಾಕಿ ನನ್ನ ಕೆನ್ನೆ ಮುಟ್ಟಿ, "ಹಬ್ಬಕ್ಕೆ ಬರ್ತೇನೆ" ಎಂದರು. ನಮ್ಮ ಮನೆಯ ಕಡೆ ಒಮ್ಮೆ ನೋಡಿದರು. ಅಮ್ಮ ಕಿಟಕಿಯಲ್ಲಿ ನಿಂತಿದ್ದಳು...

ಹಬ್ಬಕ್ಕೆ ಸ್ವಲ್ಪ ದಿನ ಇರುವಾಗ ಫೋನ್ ಬಂತು. ಬಾಯಮ್ಮ ಹೋದರು, ಮಣ್ಣು ಮಾಡುವುದು ಅಲ್ಲೇ ಎಂದು. ನಾನು ಅಳುತ್ತ ಅಮ್ಮನಿಗೆ ಹೇಳಿದೆ. ಅಮ್ಮ ಗೋಡೆಗೆ ಒರಗಿ ನಿಂತು, "ಮೊಂತಿ ಫೆಸ್ತಿಗೆ ಇನ್ನು ಎಷ್ಟು ದಿನ ಉಂಟು?" ಎಂದು ಕೇಳಿದಳು. ಸಾವಿನ ಸುದ್ದಿ ಕೇಳಿ ಹಬ್ಬದ ದಿನ ಎಣಿಸುವ ಹೆಂಗಸು ಎಂದು ಅವತ್ತು ನನಗೆ ಅಸಹ್ಯವಾಯಿತು. ಆ ಪ್ರಶ್ನೆಯನ್ನು ನಾನು ಅಮ್ಮನಿಗೆ ಬಹಳ ಕಾಲ ಕ್ಷಮಿಸಲಿಲ್ಲ. ಕಾರಣ ಕೇಳಲೂ ಇಲ್ಲ.

ಈ ಸಲದ ಮೊಂತಿ ಫೆಸ್ತ್ ನನಗೆ ಅಮ್ಮನಿಲ್ಲದ ಹಬ್ಬ. ಎಲ್ಲಿಗೂ ಕರೆ ಇರಲಿಲ್ಲ. ಇದ್ದಿದ್ದರೂ ಹೋಗುತ್ತಿರಲಿಲ್ಲ. ಕಪಾಟಿನಲ್ಲಿ ಬೇಸಿಗೆಯಿಂದ ಹಾಗೇ ಇದ್ದ ಬಾಯಮ್ಮನ ಪಾತ್ರೆಯಲ್ಲೇ ಒಂದು ಹಿಡಿ ಅನ್ನ ಮಾಡಿಕೊಳ್ಳೋಣ, ಅವರ ಪಾತ್ರೆ ಎಂದರೆ ಗೋಧಿ ಸೋಕದ ಪಾತ್ರೆ ಎಂದುಕೊಂಡು ನಳದ ಕೆಳಗೆ ಹಿಡಿದೆ. ನೀರು ಕೆಂಪಾಗಿ ಇಳಿಯಿತು. ಹಿಡಿಯ ನೂಲು ಬಣ್ಣ ಬಿಡುತ್ತಿತ್ತು. ದಿನಾ ಉಜ್ಜಿ ತೊಳೆಯುತ್ತಿದ್ದ ಪಾತ್ರೆಯ ನೂಲಿನಲ್ಲಿ ಇನ್ನೂ ಬಿಡಲು ಬಣ್ಣ ಇರುತ್ತದೆಯೇ? ಬೆಳಕಿಗೆ ಹಿಡಿದು ನೋಡಿದೆ. ಅದು ಉಲ್ಲನ್ ಅಲ್ಲ. ಅಮ್ಮನ ಹೊಲಿಗೆ ಮೆಷಿನ್ನಿನ ದಾರ, ಹತ್ತಾರು ಎಳೆ ಒಟ್ಟು ಮಾಡಿ ಹೊಸೆದದ್ದು. ಪಾತ್ರೆ ಬೋರಲು ಹಾಕಿದರೆ, ತಳದಲ್ಲಿ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ಒಮ್ಮೆಯೂ ಬೆಂಕಿ ಕಾಣದ ತಳ.

ಅಡುಗೆಕೋಣೆಯ ನೆಲದ ಮೇಲೆ ಕೂತುಬಿಟ್ಟೆ. ಕರೆಯಲು ಹೋಗುವ ಮಾತು ಅಮ್ಮನಿಗೆ ಬಾರದು. ಬಾಯಮ್ಮ ಹಬ್ಬಕ್ಕೆ ಬಂದರೆ ಬಡಿಸಬಹುದು, ಅಷ್ಟರಲ್ಲಿ ಬೇರೆ ಪಾತ್ರೆ ತಂದಿಡಬಹುದು. ಅಷ್ಟು ಮಾಡಿ ಕಾದಿದ್ದಳು. ಎಷ್ಟು ದಿನ ಉಂಟು ಎಂದು ಕೇಳಿದ್ದು ಅದಕ್ಕೆ.

ಹೊಸ ಅಕ್ಕಿಯ ಅನ್ನ ಅದರಲ್ಲೇ ಬೆಂದಿತು. ತೊವ್ವೆಗೆ ಇಂಗು ಹಾಕಲಿಲ್ಲ, ಬೆಳ್ಳುಳ್ಳಿ ಹಾಕಿದೆ. ಒಂದೇ ಎಲೆ ಹಾಕಿಕೊಂಡು ಕೂತು, ಅತ್ತು, ಪೂರ್ತಿ ಉಂಡೆ. ಇಷ್ಟು ದಿನ ಕೇಳಲಾಗದೆ ಕೂತಿದ್ದವಳು ಮರುದಿನ ಬೆಳಿಗ್ಗೆ ಇಲ್ಲಿಯ ಫಾದರ್ ಬಳಿಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ, ನನಗೆ ಬೇರೆ ಪಾತ್ರೆ ಬೇಕು, ಅದಕ್ಕೆ ಚೂರು ಹಾಕಬೇಡಿ ಎಂದು. ಅವರು ಯೋಚಿಸುತ್ತಿದ್ದರು. ನಾನು ನಿಂತೇ ಇದ್ದೆ.